ತಿಂಗಳುಗಟ್ಟಲೆ ಉಳಿಯುವ ಅತಿಥಿಗಳು: ಕಲಬುರಗಿಯ ದಿನಬಾಡಿಗೆ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ದಿನದ ಲೆಕ್ಕದಲ್ಲಿ ಮನೆ ಕೊಡುವವರಿಗೆ ‘ಒಂದೂವರೆ ತಿಂಗಳಿಗೆ ಸಿಗುತ್ತದೇನ್ರಿ?’ ಎಂಬ ಫೋನು ಬಂದಾಗ ಏಳುವ ಪ್ರಶ್ನೆಗಳಿವು. ಉತ್ತರಗಳು ಕಲಬುರಗಿಯನ್ನು ಮುಂದಿಟ್ಟುಕೊಂಡು ಬರೆದವು. ಬೀದರ್, ಯಾದಗಿರಿಯವರಿಗೂ ಹೆಚ್ಚುಪಾಲು ಹೊಂದುತ್ತವೆ.

ಎಷ್ಟು ದಿನ ದಾಟಿದರೆ ‘ದೀರ್ಘ ವಾಸ’ ಎನ್ನಬೇಕು?

ಏರ್‌ಬಿಎನ್‌ಬಿ 28 ರಾತ್ರಿಗೆ ಗೆರೆ ಎಳೆದಿದೆ. ಅಲ್ಲಿಂದ ಮುಂದೆ ರದ್ದತಿಯ ನಿಯಮ ಬದಲಾಗುತ್ತದೆ, ಹಣ ಒಂದೇ ಸಲ ಬಾರದೆ ತಿಂಗಳ ಕಂತಿನಲ್ಲಿ ಬರುತ್ತದೆ. ಮನೆ ನಡೆಸುವ ದೃಷ್ಟಿಯಿಂದ ನಾವು 15 ದಿನಕ್ಕೇ ಗೆರೆ ಎಳೆಯುತ್ತೇವೆ. ನಾಲ್ಕು ದಿನದ ಅತಿಥಿ ಖಾನಾವಳಿಯಲ್ಲಿ ಉಂಡು, ಕೊಳೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ. ಹದಿನೈದು ದಿನದವನಿಗೆ ಒಲೆ ಬೇಕು, ಬಟ್ಟೆ ಒಣಹಾಕಲು ಹಗ್ಗ ಬೇಕು, ಕಸ ಯಾವ ಹೊತ್ತಿಗೆ ಹೊರಗಿಡಬೇಕೆಂದು ಗೊತ್ತಿರಬೇಕು. ಅವನು ಮನೆಯಲ್ಲಿ ಬಾಳುತ್ತಾನೆ. ಮನೆ ಅದಕ್ಕೆ ಸಜ್ಜಾಗಿರಬೇಕು, ಕಾಗದವೂ ಸಜ್ಜಾಗಿರಬೇಕು.

ಈ ಊರಿಗೆ ತಿಂಗಳಗಟ್ಟಲೆ ಇರಲು ಬರುವವರು ಯಾರು?

ಮುಖ್ಯವಾಗಿ ನಾಲ್ಕು ಬಗೆ. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಶಟ್‌ಡೌನ್ ಕೆಲಸಕ್ಕೆ, ಅಂದರೆ ಯಂತ್ರ ನಿಲ್ಲಿಸಿ ಮಾಡುವ ದುರಸ್ತಿಗೆ, ಬರುವ ಎಂಜಿನಿಯರುಗಳು ಮತ್ತು ಫಿಟ್ಟರುಗಳು. ಇಎಸ್‌ಐಸಿ, ಜಯದೇವದಂಥ ಆಸ್ಪತ್ರೆಗಳಿಗೆ ರೋಗಿಯನ್ನು ಕರೆತರುವ ಮನೆಯವರು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಗುಲಬರ್ಗಾ ವಿಶ್ವವಿದ್ಯಾಲಯಕ್ಕೋ ಬರುವ ಅತಿಥಿ ಉಪನ್ಯಾಸಕರು, ಸಂಶೋಧಕರು. ವರ್ಗವಾಗಿ ಬಂದು ಕ್ವಾರ್ಟರ್ಸ್ ಸಿಗುವವರೆಗೆ ಕಾಯುವ ಬ್ಯಾಂಕು, ರೈಲ್ವೆ, ಕೋರ್ಟಿನ ನೌಕರರು. ಯಾದಗಿರಿಯಲ್ಲಿ ಕಡೇಚೂರು ಕೈಗಾರಿಕಾ ಪ್ರದೇಶದವರು, ಬೀದರಿನಲ್ಲಿ ವಾಯುಸೇನೆಯ ನೆಲೆಗೆ ಸಂಬಂಧಪಟ್ಟವರು ಇದೇ ಸಾಲಿಗೆ ಸೇರುತ್ತಾರೆ.

ಯಾರು ಬರುತ್ತಾರೆಂದು ಮೊದಲೇ ತಿಳಿಯುವುದೇಕೆಂದರೆ ಅವರ ಬೇಡಿಕೆ ಒಂದೇ ಅಲ್ಲ. ಶಟ್‌ಡೌನ್ ತಂಡ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತದೆ. ಅವರಿಗೆ ಬೆಳಕು ತಡೆಯುವ ದಪ್ಪ ಪರದೆ, ವಾಷಿಂಗ್ ಮಷಿನ್, ಗ್ರೀಸಿನ ಕೈ ಒರೆಸಲು ಕಡುಬಣ್ಣದ ಟವೆಲ್ ಕೊಡಿ. ಬಿಳಿ ಟವೆಲ್ ಕೊಟ್ಟರೆ ಒಂದೇ ವಾರಕ್ಕೆ ಹಾಳು. ಅವರ ಕೆಲಸ ಹೇಳಿದ ದಿನಕ್ಕೆ ಮುಗಿಯುವುದು ಅಪರೂಪ. 20 ದಿನ ಎಂದವರು 26ಕ್ಕೆ ಎಳೆಯುತ್ತಾರೆ. ಆದ್ದರಿಂದ ಅವರ ಹಿಂದೆಯೇ ಬೇರೆಯವರಿಗೆ ಮನೆ ಕೊಡಬೇಡಿ.

ತಿಂಗಳ ಬಾಡಿಗೆ ಎಷ್ಟು ಹೇಳಬೇಕು? ದಿನದ ದರವನ್ನು ಮೂವತ್ತರಿಂದ ಗುಣಿಸಿ ಹತ್ತು ಪರ್ಸೆಂಟ್ ಬಿಟ್ಟರೆ ಸಾಕೇ?

ಸಾಲದು. ಹಾಗೆ ಗುಣಿಸಿದರೆ ಬರುವ ಮೊತ್ತಕ್ಕೆ ಈ ಊರಲ್ಲಿ ದೊಡ್ಡ ಮನೆಯೇ ಬಾಡಿಗೆಗೆ ಸಿಗುತ್ತದೆ, ನಿಮ್ಮ ಖೋಲಿಗೆ ಯಾರೂ ಬರುವುದಿಲ್ಲ. ಲೆಕ್ಕ ಶುರುವಾಗಬೇಕಾದ್ದು ನಿಮ್ಮ ಮನೆ ನಿಜವಾಗಿ ತಿಂಗಳಿಗೆ ಎಷ್ಟು ರಾತ್ರಿ ತುಂಬುತ್ತದೆ ಎಂಬಲ್ಲಿಂದ.

ಉದಾಹರಣೆಗೆ ದಿನಕ್ಕೆ 1,500 ರೂಪಾಯಿ, ತಿಂಗಳಿಗೆ 14 ರಾತ್ರಿ, ಏಳು ಬುಕಿಂಗ್ ಎನ್ನಿ. ಬರುವುದು 21,000. ಪ್ರತಿ ಅತಿಥಿ ಹೋದ ಮೇಲೆ ಶುಚಿ ಮತ್ತು ಬಟ್ಟೆ ಒಗೆತಕ್ಕೆ 350ರಂತೆ 2,450 ಹೋಯಿತು. ಆ್ಯಪ್‌ನ ಕಮಿಷನ್ ಶೇ 15 ಎಂದಿಟ್ಟುಕೊಂಡರೆ 3,150. ಕರೆಂಟು 1,800. ಕೈಗೆ ಉಳಿದದ್ದು 13,600. ಅದೇ ಮನೆಯನ್ನು ನೇರವಾಗಿ ತಿಂಗಳಿಗೆ 18,000ಕ್ಕೆ ಕೊಟ್ಟು, ಕರೆಂಟು ಮೀಟರಿನ ಪ್ರಕಾರ ಅತಿಥಿಯಿಂದಲೇ ಕಟ್ಟಿಸಿ, ವಾರಕ್ಕೊಮ್ಮೆ 300 ರೂಪಾಯಿಯ ಶುಚಿ ಇಟ್ಟರೂ 16,800 ಉಳಿಯುತ್ತದೆ.

ಆದರೆ 22 ರಾತ್ರಿ ತುಂಬುವ ಮನೆಗೆ ಈ ಲೆಕ್ಕ ತಿರುಗುತ್ತದೆ. 33,000 ಬಂದು, ಹನ್ನೊಂದು ಶುಚಿಗೆ 3,850, ಕಮಿಷನ್ 4,950, ಕರೆಂಟು 2,600 ಕಳೆದರೂ 21,600 ಉಳಿಯುತ್ತದೆ. ಅಂಥ ಮನೆಯನ್ನು 22,800ಕ್ಕಿಂತ ಕಡಿಮೆಗೆ ತಿಂಗಳಿಗೆ ಕೊಟ್ಟರೆ ನಷ್ಟ. ಕಳೆದ ಹನ್ನೆರಡು ತಿಂಗಳ ರಾತ್ರಿಗಳನ್ನು ಒಂದು ಹಾಳೆಯಲ್ಲಿ ಬರೆದು, ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿ ನೋಡಿ.

ಜಾತ್ರೆ, ಉರುಸಿನ ದಿನಗಳಲ್ಲಿ ತಿಂಗಳ ಅತಿಥಿ ಇದ್ದರೆ ಗಳಿಕೆ ತಪ್ಪುವುದಿಲ್ಲವೇ?

ತಪ್ಪುತ್ತದೆ, ಅದನ್ನು ಬಾಡಿಗೆಯಲ್ಲೇ ನೋಡಿಕೊಳ್ಳಬೇಕು. ಶರಣಬಸವೇಶ್ವರ ರಥೋತ್ಸವ ಹೋಳಿಯ ನಂತರದ ಐದನೇ ದಿನ. ಬಂದೇನವಾಜರ ಉರುಸು ಹಿಜರಿ ತಿಂಗಳ ಪ್ರಕಾರ ಬರುವುದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗುವವರು ಕಲಬುರಗಿಯಲ್ಲೂ ಇಳಿದುಕೊಳ್ಳುತ್ತಾರೆ. ಈ ಮೂರನ್ನೂ ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಅತಿಥಿಯನ್ನು ನಡುವೆ ಎಬ್ಬಿಸುವ ಯೋಚನೆ ಮಾತ್ರ ಬೇಡ. ಒಮ್ಮೆ ಕೊಟ್ಟ ಮಾತು ಕೊಟ್ಟದ್ದೇ.

ಒಂದು ತಿಂಗಳು ದಾಟಿದರೆ ಅತಿಥಿ ‘ಬಾಡಿಗೆದಾರ’ ಆಗಿಬಿಡುತ್ತಾನೆ, ಎಬ್ಬಿಸಲು ಬರುವುದಿಲ್ಲ ಎನ್ನುತ್ತಾರೆ. ನಿಜವೇ?

ಮೂವತ್ತು ದಿನಕ್ಕೆ ಬಾಡಿಗೆದಾರನ ಹಕ್ಕು ಹುಟ್ಟುವುದು ಅಮೆರಿಕದ ಕೆಲವು ರಾಜ್ಯಗಳ ನಿಯಮ. ಇಂಟರ್ನೆಟ್ಟಿನಲ್ಲಿ ಓದಿದ ಆ ಮಾತು ಇಲ್ಲಿಗೆ ಹರಡಿದೆ. ನಮ್ಮಲ್ಲಿ ದಿನಗಳ ಎಣಿಕೆ ಅದನ್ನು ನಿರ್ಧರಿಸುವುದಿಲ್ಲ.

ಇಲ್ಲಿ ಎರಡು ಬಗೆಯ ಹಕ್ಕಿದೆ. ಒಂದು ಗೇಣಿ ಅಥವಾ ಲೀಸ್, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಹೇಳುವುದು. ಇನ್ನೊಂದು ಲೈಸೆನ್ಸ್, ಅಂದರೆ ಬಳಸಲು ಕೊಟ್ಟ ಅನುಮತಿ, 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ ಹೇಳುವುದು. ಕಾಗದದ ತಲೆಬರಹ ಏನಿದ್ದರೂ ಒಳಗಿನ ವ್ಯವಹಾರವನ್ನೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಮನೆ ಪೂರ್ತಿ ಅವನ ಸ್ವಾಧೀನಕ್ಕೆ ಹೋಗಿ, ನೀವು ಕಾಲೇ ಇಡದಿದ್ದರೆ ಅದು ಲೀಸಿನ ಕಡೆ ವಾಲುತ್ತದೆ. ನೀವೇ ಸಾಮಾನು ಇಟ್ಟು, ವಾರಕ್ಕೊಮ್ಮೆ ಶುಚಿ ಮಾಡಿಸಿ, ಹಾಸಿಗೆ ಬಟ್ಟೆ ಬದಲಿಸಿ, ಒಂದು ಬೀಗದ ಕೈ ನಿಮ್ಮಲ್ಲೇ ಇದ್ದರೆ ಅದು ಅನುಮತಿಯ ಕಡೆ ನಿಲ್ಲುತ್ತದೆ. ವಾರದ ಶುಚಿಯನ್ನು ‘ಬೇಡ, ನಾನೇ ಮಾಡಿಕೊಳ್ಳುತ್ತೇನೆ’ ಎಂದು ಅತಿಥಿ ಎಷ್ಟೇ ಹೇಳಿದರೂ ಬಿಡಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

‘ಹನ್ನೆರಡು ವರ್ಷವಾದರೆ ಮನೆ ಅವನದೇ’ ಎಂಬುದು ಇನ್ನೊಂದು ಭಯ. ನಿಮ್ಮ ಒಪ್ಪಿಗೆಯಿಂದ ಇದ್ದವನಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಹಾಗಾದರೆ ಕರಾರಿನಲ್ಲಿ ಏನೇನು ಬರೆಸಬೇಕು?

ಎರಡು ಪುಟ ಸಾಕು, ಇ-ಸ್ಟಾಂಪ್ ಕಾಗದದ ಮೇಲೆ. ಶುರುವಿನ ದಿನ, ಮುಗಿಯುವ ದಿನ ಮತ್ತು ಹೊತ್ತು. ಉಳಿಯುವವರೆಲ್ಲರ ಹೆಸರು, ವಯಸ್ಸು. ಮೊತ್ತ ಮತ್ತು ಕಟ್ಟುವ ತಾರೀಖು. ಕರೆಂಟಿನ ಯೂನಿಟ್ ದರ, ಮೀಟರಿನ ಮೊದಲ ರೀಡಿಂಗ್. ಡಿಪಾಜಿಟ್ ಎಷ್ಟು, ಯಾವುದಕ್ಕೆ ಹಿಡಿಯಬಹುದು, ಎಷ್ಟು ದಿನದಲ್ಲಿ ವಾಪಸ್. ಶುಚಿಯ ವಾರ ಮತ್ತು ಗಂಟೆ. ಬೇರೆಯವರಿಗೆ ಮನೆ ಕೊಡುವಂತಿಲ್ಲ ಎಂಬ ಮಾತು. ಮುಂದುವರಿಸಬೇಕಾದರೆ ಐದು ದಿನ ಮೊದಲು ಬರಹದಲ್ಲಿ ಕೇಳಬೇಕು, ನೀವೂ ಬರಹದಲ್ಲಿ ಒಪ್ಪಬೇಕು ಎಂಬ ಮಾತು. ಜೊತೆಗೆ ಸಾಮಾನಿನ ಪಟ್ಟಿ ಮತ್ತು ಇಬ್ಬರೂ ನಿಂತು ತೆಗೆದ ಒಂದು ವಿಡಿಯೊ.

ಅವಧಿಯನ್ನು 30 ದಿನದ ತುಂಡುಗಳಾಗಿ ಬರೆಯಿರಿ. ಮೂರು ತಿಂಗಳು ಬೇಕೆಂದವರಿಗೂ 30ಕ್ಕೊಮ್ಮೆ ನವೀಕರಣ. ಎರಡನೇ ತಿಂಗಳ ಹಣ ತಡವಾದರೆ ಅಲ್ಲಿಗೇ ನಿಲ್ಲಿಸಲು ದಾರಿ ಇರುತ್ತದೆ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಊರಲ್ಲೆಲ್ಲ 11 ತಿಂಗಳ ಕರಾರು ಕಾಣುವುದು ಅದಕ್ಕೇ.

ನೀವೇ ಆ ಮನೆಯ ಬಾಡಿಗೆದಾರರಾಗಿದ್ದು ದಿನಬಾಡಿಗೆಗೆ ಬಿಟ್ಟಿದ್ದರೆ, ಮೂಲ ಮಾಲೀಕರ ಬರಹದ ಒಪ್ಪಿಗೆಯಿಲ್ಲದೆ ತಿಂಗಳ ಅತಿಥಿಯನ್ನು ಸೇರಿಸಬೇಡಿ.

ಗುರುತಿನ ಕಾಗದ ಏನು ತೆಗೆದುಕೊಳ್ಳಬೇಕು? ಠಾಣೆಗೆ ತಿಳಿಸಬೇಕೇ?

ದೊಡ್ಡವರೆಲ್ಲರದೂ ಬೇಕು, ಬುಕ್ ಮಾಡಿದವರೊಬ್ಬರದಲ್ಲ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಕೆಲಸದ ಮೇಲೆ ಬಂದವರಿಂದ ಕಂಪನಿಯ ಪತ್ರ, ಆಸ್ಪತ್ರೆಗೆ ಬಂದವರಿಂದ ದಾಖಲಾತಿ ಚೀಟಿಯ ಫೋಟೊ. ಒಂದು ಪ್ರತಿಯನ್ನು ಹತ್ತಿರದ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ವಿದೇಶದವರಾದರೆ ಮಾತೇ ಬೇರೆ. ಅವರು ಬಂದ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಜಾಲತಾಣದಲ್ಲಿ, ಸಿ ಫಾರಂ ಎಂದು ರೂಢಿಯಲ್ಲಿರುವ ಮಾಹಿತಿ ತುಂಬುವುದು ಮನೆ ಕೊಟ್ಟವರ ಹೊಣೆ. ಒಂದೇ ರಾತ್ರಿ ಉಳಿದರೂ ತಪ್ಪದು. ಜಾಲತಾಣದಲ್ಲಿ ನಿಮ್ಮ ಮನೆಯನ್ನು ಮೊದಲೇ ನೋಂದಾಯಿಸಿಟ್ಟಿರದಿದ್ದರೆ 24 ಗಂಟೆ ಅದಕ್ಕೇ ಹೋಗುತ್ತದೆ.

ಕರೆಂಟು ಬಾಡಿಗೆಯಲ್ಲೇ ಸೇರಿಸಬೇಕೇ, ಬೇರೆ ಹಿಡಿಯಬೇಕೇ?

ಬೇರೆ. ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿರುವಾಗ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಗಂಟೆಗೆ ಸುಮಾರು 1ರಿಂದ 1.3 ಯೂನಿಟ್ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 300ರಿಂದ 400 ಯೂನಿಟ್, ಎಸಿಯೊಂದಕ್ಕೇ. 200 ವ್ಯಾಟಿನ ಕೂಲರ್ ಅದೇ ಹತ್ತು ಗಂಟೆಗೆ ಕೇಳುವುದು 2 ಯೂನಿಟ್. ನಮ್ಮದು ಒಣ ಬಿಸಿಲಾದ್ದರಿಂದ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನ್ನೂ ಇಟ್ಟು ಆಯ್ಕೆ ಅತಿಥಿಗೆ ಬಿಡಿ. ಮೀಟರು ಅವರ ಕಣ್ಣ ಮುಂದಿದ್ದರೆ ಅವರೇ ಕೂಲರ್ ಹಚ್ಚುತ್ತಾರೆ.

ಮನೆಗೆ ಪ್ರತ್ಯೇಕ ಜೆಸ್ಕಾಂ ಮೀಟರು ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಸಿಂಗಲ್ ಫೇಸ್ ಸಬ್‌ಮೀಟರ್ ಹಾಕಿಸಿ. ಬಂದ ದಿನ, ಪ್ರತಿ ಭಾನುವಾರ, ಹೋಗುವ ದಿನ ರೀಡಿಂಗ್ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿ. ತಿಂಗಳ ಕೊನೆಗೆ ಒಮ್ಮೆಲೇ ದೊಡ್ಡ ಬಿಲ್ಲು ತೋರಿಸಿದರೆ ಯಾರೂ ನಂಬುವುದಿಲ್ಲ, ವಾರವಾರ ಕಂಡದ್ದನ್ನು ಒಪ್ಪುತ್ತಾರೆ.

ಗೃಹಜ್ಯೋತಿಯನ್ನು ನಂಬಿ ‘ಕರೆಂಟು ಫ್ರೀ’ ಎಂದು ಹೇಳಲೇಬೇಡಿ. ಅದು ಮನೆಬಳಕೆಯ ಸಂಪರ್ಕಕ್ಕೆ ಮಾತ್ರ, ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲು ಕಟ್ಟಬೇಕು. ನಿಮ್ಮ ಸಂಪರ್ಕ ಯಾವ ವರ್ಗದಲ್ಲಿದೆ ಎಂದು ಬಿಲ್ಲಿನಲ್ಲಿ ನೋಡಿ, ದಿನಬಾಡಿಗೆ ವ್ಯವಹಾರಕ್ಕೆ ಅದು ಸರಿಯೇ ಎಂದು ಜೆಸ್ಕಾಂ ಕಚೇರಿಯಲ್ಲಿ ಕೇಳಿಕೊಳ್ಳಿ.

ಕರೆಂಟು ಹೋದಾಗ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಎರಡು ಫ್ಯಾನು, ದೀಪ, ವೈಫೈ ರೂಟರನ್ನು ಐದಾರು ಗಂಟೆ ನಡೆಸುತ್ತದೆ. ಕೂಲರನ್ನೂ ಅದಕ್ಕೆ ಜೋಡಿಸಿದರೆ ಸಮಯ ಅರ್ಧಕ್ಕಿಳಿಯುತ್ತದೆ. ರೂಟರು ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಖುದ್ದಾಗಿ ಪರೀಕ್ಷಿಸಿ. ಮನೆಯಿಂದ ಕೆಲಸ ಮಾಡುವವರಿಗೆ ಫ್ಯಾನಿಗಿಂತ ಅದೇ ಮುಖ್ಯ.

ನೀರಿನ ಲೆಕ್ಕ ಹೇಗೆ?

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಇಬ್ಬರಿಗೆ 270, ಬೇಸಿಗೆಯಲ್ಲಿ ಕೂಲರಿಗೆ 50 ಸೇರಿಸಿದರೆ 320. ಸಾವಿರ ಲೀಟರಿನ ಟ್ಯಾಂಕ್ ಮೂರು ದಿನಕ್ಕೆ ಖಾಲಿ. ನಳದ ನೀರು ನಿಮ್ಮ ಬಡಾವಣೆಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ನೋಡಿ, ಆ ಅಂತರಕ್ಕೆ ಟ್ಯಾಂಕ್ ಸಾಲದಿದ್ದರೆ ಇನ್ನೊಂದು ಕೂಡಿಸಿ. ಟ್ಯಾಂಕರ್ ತರಿಸಬೇಕಾದರೆ ದುಡ್ಡು ಯಾರದೆಂದು ಕರಾರಿನಲ್ಲೇ ಇರಲಿ.

ಬೋರಿನ ನೀರು ಗಡುಸು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ನೀರು ಬೇಗ ಕಾಯುವುದಿಲ್ಲ, ಅತಿಥಿ ‘ಗೀಸರ್ ಕೆಟ್ಟಿದೆ’ ಎನ್ನುತ್ತಾನೆ. ದಿನದ ಅತಿಥಿಗಳಿದ್ದಾಗ ವರ್ಷಕ್ಕೊಮ್ಮೆ ಮಾಡಿಸುತ್ತಿದ್ದ ಸರ್ವಿಸನ್ನು ಆರು ತಿಂಗಳಿಗೆ ತನ್ನಿ.

ಅಡುಗೆಗೆ ಬಿಡಬೇಕೇ?

ಬಿಡದಿದ್ದರೆ ತಿಂಗಳ ಅತಿಥಿ ನಿಲ್ಲುವುದಿಲ್ಲ. ನಿಮ್ಮ ಮನೆಯ 14.2 ಕಿಲೊ ಸಿಲಿಂಡರನ್ನು ಇದಕ್ಕೆ ಬಳಸಬೇಡಿ, ಅದನ್ನು ವ್ಯಾಪಾರಕ್ಕೆ ಉಪಯೋಗಿಸುವುದು ನಿಯಮಕ್ಕೆ ವಿರುದ್ಧ. 2,000 ವ್ಯಾಟಿನ ಇಂಡಕ್ಷನ್ ಒಲೆ, ಅದಕ್ಕೆ 16 ಆ್ಯಂಪಿಯರಿನ ಪ್ರತ್ಯೇಕ ಪ್ಲಗ್ ಇದ್ದರೆ ಅನ್ನ, ಸಾರು, ಚಹಾ ನಡೆಯುತ್ತದೆ. 6 ಆ್ಯಂಪಿಯರಿನ ಪ್ಲಗ್ಗಿಗೆ ಹಚ್ಚಿದರೆ ಪ್ಲಗ್ ಕರಗುತ್ತದೆ. ಜೋಳದ ರೊಟ್ಟಿಗೆ ಮಾತ್ರ ಉರಿಯೇ ಬೇಕು. ರೊಟ್ಟಿ ಬಡಿಯುವ ಮನೆಯವರು ಬಂದರೆ 5 ಕಿಲೊದ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿ ಅವರೇ ಕೊಳ್ಳಬಹುದು. ಒಬ್ಬರೇ ಇರುವವರಿಗೆ ಹತ್ತಿರದ ಖಾನಾವಳಿಯ ತಿಂಗಳ ಡಬ್ಬಿ ಗೊತ್ತು ಮಾಡಿಕೊಡಿ.

ಶುಚಿಗೆ ಏನು ಕ್ರಮ?

ವಾರಕ್ಕೊಮ್ಮೆ, ಗೊತ್ತಾದ ಹೊತ್ತಿಗೆ. ಹಾಸಿಗೆ ಬಟ್ಟೆ ಮೂರು ಜೊತೆ ಇರಲಿ: ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಕೂಲರಿನ ತೊಟ್ಟಿಯನ್ನು ಅದೇ ದಿನ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳೆಂಟು ದಿನ ಸಾಕು.

ಇನ್ನೊಂದು, ನಮ್ಮ ಕಡೆಗೇ ವಿಶೇಷವಾದದ್ದು. ನೆಲಕ್ಕೆ ಶಹಾಬಾದ್ ಪರಸಿ ಹಾಸಿದ್ದರೆ ಆ್ಯಸಿಡ್ ಮನೆಯೊಳಗೆ ಬರಕೂಡದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಟಾಯ್ಲೆಟ್ ತೊಳೆಯುವ ಆ್ಯಸಿಡ್, ಕೊನೆಗೆ ನಿಂಬೆರಸ, ವಿನೆಗರ್ ಬಿದ್ದರೂ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಅದು ಒರೆಸಿದರೆ ಹೋಗುವಂಥದ್ದಲ್ಲ, ಪಾಲಿಷ್ ಹೊಡೆಸಬೇಕು. ಹೊರ ಊರಿನವರಿಗೆ ಇದು ಗೊತ್ತಿರುವುದಿಲ್ಲ. ಬಚ್ಚಲಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಸಾದಾ ಸೋಪಿನ ದ್ರಾವಣದ ಬಾಟಲಿ ನೀವೇ ಇಡಿ.

ಅತಿಥಿ ‘ಈ ವಿಳಾಸಕ್ಕೆ ಆಧಾರ್ ಬದಲಿಸಿಕೊಳ್ಳುತ್ತೇನೆ, ಕರಾರು ಪ್ರತಿ ಕೊಡಿ’ ಎಂದರೆ?

ಕೊಡಬೇಡಿ. ವಿಳಾಸ ಒಮ್ಮೆ ಬದಲಾದರೆ ‘ನಾನು ಇಲ್ಲಿನ ನಿವಾಸಿ’ ಎಂಬುದಕ್ಕೆ ಆಧಾರ ಹುಟ್ಟುತ್ತದೆ. ಬ್ಯಾಂಕಿಗೋ ಕಚೇರಿಗೋ ಬೇಕಿದ್ದರೆ ‘ಇಂಥ ದಿನದಿಂದ ಇಂಥ ದಿನದವರೆಗೆ ತಾತ್ಕಾಲಿಕವಾಗಿ ಉಳಿದಿದ್ದಾರೆ’ ಎಂಬ ಒಂದು ಸಾಲಿನ ಪತ್ರ ಸಾಕು.

ಆಸ್ಪತ್ರೆಗೆ ಬಂದವರಿಗೆ ಎಷ್ಟು ದಿನ ಎಂದೇ ಗೊತ್ತಿರುವುದಿಲ್ಲ. ಅವರಿಗೂ ಇದೇ ನಿಯಮವೇ?

ಕಾಗದ, ಗುರುತು ಎಲ್ಲ ಅದೇ. ಹಣದ ರೀತಿ ಬೇರೆ ಇರಬೇಕು. ತಿಂಗಳ ಮುಂಗಡ, ಡಿಪಾಜಿಟ್ ಕೇಳಬೇಡಿ, ಅವರ ಕೈಯ ದುಡ್ಡು ಔಷಧಿಗೆ ಬೇಕು. ಏಳು ದಿನದ ಬಾಡಿಗೆ ಮುಂಚೆ ಪಡೆಯಿರಿ, ತಿಂಗಳ ದರವನ್ನೇ ದಿನಕ್ಕೆ ಹಂಚಿ ಹಿಡಿಯಿರಿ. ನಡುವೆ ಡಿಸ್ಚಾರ್ಜ್ ಆದರೆ ಉಳಿದ ದಿನದ್ದು ಅದೇ ದಿನ ಯುಪಿಐ ಮಾಡಿ. ಕೆಳಗಿನ ಮಹಡಿ, ಕಮೋಡ್, ಅದರ ಪಕ್ಕ ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ, ಗಂಜಿ ಕಾಯಿಸಲು ಒಲೆ ಇರಬೇಕು. ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿಡಿ. ಶುಚಿಗೆ ಹೋಗುವ ಮುನ್ನ ಫೋನ್ ಮಾಡಿ ಕೇಳಿ, ರೋಗಿ ಮಲಗಿರಬಹುದು. ದುಃಖದಲ್ಲಿ ಮನೆ ಖಾಲಿ ಮಾಡುವವರಿಗೆ ಮುರಿದ ಬಕೆಟ್ಟಿನ ಲೆಕ್ಕ ಹೇಳಬೇಡಿ.

ತೆರಿಗೆ?

ಮುಖ್ಯವಾದಷ್ಟು ಮಾತ್ರ. ನಿಮ್ಮ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆ್ಯಪ್ ಮೂಲಕ ಬಂದ ಬುಕಿಂಗಿಗೆ, ನೀವು ನೋಂದಾಯಿಸದಿದ್ದರೂ, ಆ್ಯಪ್‌ನವರೇ ತೆರಿಗೆ ವಸೂಲಿ ಮಾಡಿ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ವಾಸಕ್ಕೆ 2025ರ ಸೆಪ್ಟೆಂಬರ್ 22ರಿಂದ ದರ ಶೇ 5. ಹಲವರು ಕೈಬಿಡುವ ಒಂದು ವಿನಾಯಿತಿ ಇದೆ: ಒಬ್ಬರಿಗೆ ತಿಂಗಳಿಗೆ 20,000 ಮೀರದ, ಸತತ 90 ದಿನವಾದರೂ ಇರುವ ವಾಸಕ್ಕೆ 2024ರ ಜುಲೈ 15ರಿಂದ ಜಿಎಸ್‌ಟಿ ಇಲ್ಲ. 80 ದಿನಕ್ಕೆ ಬಿಟ್ಟು ಹೋದರೆ ವಿನಾಯಿತಿಯೂ ಹೋಯಿತು.

ಕಂಪನಿಯೇ ಬಾಡಿಗೆ ಕಟ್ಟುವುದಾದರೆ ತಿಂಗಳಿಗೆ 50,000 ಮೀರಿದಾಗ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದು ಕೊಡುತ್ತದೆ. ಅದನ್ನು ರಿಟರ್ನ್ಸಿನಲ್ಲಿ ಕ್ಲೇಮ್ ಮಾಡಲು ನಿಮ್ಮ ಪ್ಯಾನ್ ಸರಿಯಾಗಿ ಕೊಟ್ಟಿರಬೇಕು.

ಮುಗಿಯುವ ದಿನ ಬಂದರೂ ಹೋಗಲ್ಲ ಅಂದರೆ ಏನು ಮಾಡಬೇಕು?

ಮೊದಲು ಮಾಡಬಾರದ್ದು: ಬೀಗ ಬದಲಿಸಬೇಡಿ, ನೀರು ಕರೆಂಟು ಕಡಿಯಬೇಡಿ, ಸಾಮಾನು ಹೊರಗಿಡಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಆರು ತಿಂಗಳೊಳಗೆ ಅವನು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಆಗ ಮನೆ ಯಾರದೆಂಬ ಪ್ರಶ್ನೆಯನ್ನೂ ಕೋರ್ಟ್ ನೋಡುವುದಿಲ್ಲ.

ಎರಡನೆಯದು, ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ: ಅವಧಿ ಮುಗಿದ ಮೇಲೆ ಕೊಟ್ಟ ಬಾಡಿಗೆಯನ್ನು ಸುಮ್ಮನೆ ತೆಗೆದುಕೊಳ್ಳಬೇಡಿ. ಹಾಗೆ ತೆಗೆದುಕೊಂಡರೆ ವ್ಯವಹಾರ ತಿಂಗಳ ಬಾಡಿಗೆಯಾಗಿ ಮುಂದುವರಿಯಿತು ಎಂದು ವಾದಿಸಲು ಎಡೆಯಾಗುತ್ತದೆ. ಆಮೇಲೆ ಬಿಡಿಸಲು 15 ದಿನದ ನೋಟಿಸು ಕೊಡಬೇಕಾದೀತು. ಹಣ ಯುಪಿಐನಲ್ಲಿ ತಾನಾಗಿ ಬಂದರೆ ಅದೇ ದಿನ ವಾಪಸ್ ಕಳಿಸಿ, ಅಥವಾ ‘ಇದು ಹೆಚ್ಚುವರಿ ದಿನಗಳ ಬಳಕೆಯ ಹಣ, ಕರಾರು ಮುಂದುವರಿದಿಲ್ಲ’ ಎಂದು ಬರಹದಲ್ಲಿ ತಿಳಿಸಿ.

ಏಳು ದಿನ ಮೊದಲೇ ‘ಇಂಥ ದಿನ 11 ಗಂಟೆಗೆ ಮೀಟರ್ ನೋಡಿ ಬೀಗದ ಕೈ ತೆಗೆದುಕೊಳ್ಳುತ್ತೇವೆ’ ಎಂದು ಸಂದೇಶ ಕಳಿಸಿದರೆ ಬಹಳಷ್ಟು ಪ್ರಸಂಗ ಅಲ್ಲಿಗೇ ಮುಗಿಯುತ್ತದೆ. ಆದರೂ ಕೂತರೆ ವಕೀಲರ ನೋಟಿಸು, ನಂತರ ಸಿವಿಲ್ ಕೋರ್ಟು. ಬೆದರಿಕೆ, ಹೊಡೆದಾಟದ ಸಂದರ್ಭಕ್ಕೆ 112 ಇದೆ. ಬಾಡಿಗೆ ಬಾಕಿಯನ್ನು ಠಾಣೆಯವರು ವಸೂಲಿ ಮಾಡಿಕೊಡುವುದಿಲ್ಲ.

ಅವರು ಹೋದ ಮೇಲೆ ಮುಂದಿನ ಬುಕಿಂಗಿಗೆ ಎಷ್ಟು ದಿನ ಬಿಡುವು ಇಡಬೇಕು?

ಎರಡು ದಿನ. ಮೊದಲ ದಿನ ಅಡುಗೆಮನೆಯ ಜಿಡ್ಡು, ಎಕ್ಸಾಸ್ಟ್ ಫ್ಯಾನ್, ಫ್ರಿಜ್ಜು, ಮೋರಿಯ ಜಾಲರಿ. ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಎರಡನೆಯ ದಿನ ರಿಪೇರಿ: ಸೋರುವ ನಲ್ಲಿ, ಸಡಿಲ ಪ್ಲಗ್, ಎಸಿ ಫಿಲ್ಟರ್, ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರು. ಡಿಪಾಜಿಟ್ ಲೆಕ್ಕವನ್ನು ಇದೇ ಎರಡು ದಿನದಲ್ಲಿ ಬಿಲ್ಲಿನ ಫೋಟೊ ಸಮೇತ ಕಳಿಸಿ. ಹೊಸ ಅತಿಥಿ ಬಂದ ಮೇಲೆ ಹಳೆಯ ಕಲೆ ಯಾರದೆಂದು ತೋರಿಸಲು ಆಗುವುದಿಲ್ಲ.